ಚಿಕ್ಕ ನಿಪ್ಪಲ್, ದೊಡ್ಡ ಹೊಣೆ: ಜೀಪಿನ ಕಮಾನು ಕೀಲುಗಳ ರಕ್ಷಣೆ ಹೇಗೆ?

ಕೊಡಚಾದ್ರಿ ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಬೆಟ್ಟ. ಕೊಲ್ಲೂರಿನ ಕಡೆಯಿಂದ ಅದರ ನೆತ್ತಿಯತ್ತ ಜೀಪುಗಳು ಸಾಗುವ ದಾರಿಯ ಕೊನೆಯ ಭಾಗವನ್ನು ರಸ್ತೆ ಎಂದು ಕರೆಯುವುದು ಔದಾರ್ಯವೇ ಸರಿ. ಮೊಣಕಾಲೆತ್ತರದ ಬಂಡೆಗಳು, ಮಳೆನೀರು ಕೊರೆದ ಕಂದಕಗಳು, ಕೆಂಪು ಕೆಸರು. ಮಡಿಕೇರಿ ಸಮೀಪದ ಮಾಂದಲಪಟ್ಟಿಯ ದಾರಿಯೂ ಇದಕ್ಕೆ ಹೊರತಲ್ಲ. ವಾರಾಂತ್ಯದಲ್ಲಿ ನಗರಗಳಿಂದ ಹೋಗುವ ಪ್ರವಾಸಿಗರು ಎಂಜಿನ್ನಿನ ಶಕ್ತಿಯನ್ನು, ಚಾಲಕನ ಕೈಚಳಕವನ್ನು ಹೊಗಳಿ ಹಿಂದಿರುಗುತ್ತಾರೆ. ಆದರೆ ಆ ಪ್ರಯಾಣದುದ್ದಕ್ಕೂ ವಾಹನದ ಭಾರವನ್ನು ಹೊತ್ತು, ಪ್ರತಿ ಬಂಡೆಗೂ ಬಾಗಿ ಏಳುವುದು ಅಡಿಭಾಗದ ಕಮಾನು ಪಟ್ಟಿಗಳು. ಆ ಕಮಾನುಗಳ ಕೀಲುಗಳು ಸಲೀಸಾಗಿ ಆಡುವಂತೆ ನೋಡಿಕೊಳ್ಳುವುದು ಕಿರುಬೆರಳ ತುದಿಗಿಂತಲೂ ಚಿಕ್ಕದಾದ ಒಂದು ಲೋಹದ ಮೊನೆ. ಗ್ಯಾರೇಜುಗಳಲ್ಲಿ ಅದಕ್ಕೆ ಗ್ರೀಸ್ ನಿಪ್ಪಲ್ ಎನ್ನುತ್ತಾರೆ.

ಬೆಲೆಯಲ್ಲಿ ಒಂದು ಊಟಕ್ಕಿಂತಲೂ ಅಗ್ಗವಾದ ಈ ಬಿಡಿಭಾಗ ಮುರಿದರೆ ಅಥವಾ ಕಟ್ಟಿಕೊಂಡರೆ, ಕೆಲವೇ ತಿಂಗಳಲ್ಲಿ ಅದರ ಸಾವಿರಪಟ್ಟು ಖರ್ಚು ಎದುರಾಗಬಹುದು. ಕಡಿದಾದ ಇಳಿಜಾರಿನಲ್ಲಿ ಕಮಾನಿನ ಮುಖ್ಯ ಪಟ್ಟಿಯೇ ತುಂಡಾದರೆ, ಪ್ರಶ್ನೆ ಹಣದ್ದಾಗಿ ಉಳಿಯುವುದಿಲ್ಲ. ಆದ್ದರಿಂದ ಈ ನಿಪ್ಪಲ್‌ಗಳನ್ನು ಕಾಪಾಡುವ ಕ್ರಮವನ್ನು ಮಾಲೀಕರೂ ಚಾಲಕರೂ ಅರಿತಿರುವುದು ಒಳಿತು.

ಕೀಲು ಎಲ್ಲಿದೆ, ಏಕಿದೆ?

ಕಮಾನು ಎಂಬುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ಭಾರ ಬಿದ್ದಾಗ ಅದರ ಬಾಗು ಕಡಿಮೆಯಾಗಿ ಪಟ್ಟಿ ನೇರವಾಗುತ್ತದೆ. ನೇರವಾದಂತೆ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುತ್ತದೆ. ಎರಡೂ ತುದಿಗಳನ್ನು ಚಾಸಿಸ್‌ಗೆ ಬಿಗಿದುಬಿಟ್ಟರೆ ಪಟ್ಟಿ ಮುರಿಯದೆ ಗತಿಯಿಲ್ಲ. ಅದಕ್ಕಾಗಿ ಒಂದು ತುದಿಯನ್ನು ಪಿನ್ನಿನ ಮೂಲಕ ಚಾಸಿಸ್‌ಗೆ ನೇರವಾಗಿ ಸೇರಿಸಿ, ಇನ್ನೊಂದು ತುದಿಯನ್ನು ಉಯ್ಯಾಲೆಯಂತೆ ತೂಗುವ ಶಾಕಲ್ ಎಂಬ ಕೊಂಡಿಗೆ ಜೋಡಿಸಲಾಗುತ್ತದೆ. ಶಾಕಲ್‌ನ ಮೇಲ್ತುದಿ ಚಾಸಿಸ್‌ನಲ್ಲಿಯೂ ಕೆಳತುದಿ ಕಮಾನಿನ ಕಿವಿಯಲ್ಲಿಯೂ ತಿರುಗುತ್ತದೆ. ಹೀಗೆ ಒಂದು ಕಮಾನಿಗೆ ಮೂರು ಕೀಲುಗಳು. ನಾಲ್ಕೂ ಚಕ್ರಗಳಿಗೆ ಕಮಾನು ಇರುವ ಜೀಪಿನಲ್ಲಿ, ಎಲ್ಲ ಕೀಲುಗಳೂ ಗ್ರೀಸ್ ಹಾಕುವ ಬಗೆಯವಾದರೆ, ಒಟ್ಟು ಹನ್ನೆರಡು ನಿಪ್ಪಲ್‌ಗಳಾದವು. ಸ್ಟೀರಿಂಗಿನ ಟೈ-ರಾಡ್ ತುದಿಗಳು ಹಾಗೂ ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಗಳಲ್ಲಿರುವವು ಇದಕ್ಕೆ ಹೊರತು.

ಎಲ್ಲ ವಾಹನಗಳಲ್ಲೂ ಇವು ಇರುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಎಷ್ಟೋ ವಾಹನಗಳ ಕಮಾನು ಕೀಲುಗಳಲ್ಲಿ ರಬ್ಬರ್ ಬುಶ್‌ಗಳಿರುತ್ತವೆ. ಅಲ್ಲಿ ಲೋಹದ ಮೇಲೆ ಲೋಹ ಜಾರುವುದಿಲ್ಲ. ರಬ್ಬರೇ ತಿರುಚಿಕೊಂಡು ಚಲನೆಗೆ ಎಡೆಕೊಡುತ್ತದೆ. ಅವಕ್ಕೆ ಗ್ರೀಸ್ ಬೇಕಿಲ್ಲ. ಖನಿಜ ತೈಲದ ಗ್ರೀಸ್ ತಗಲಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಹಾಳಾಗುತ್ತದೆ. 2010ರಲ್ಲಿ ಬಂದ ಮೊದಲ ಮಹೀಂದ್ರ ಥಾರ್‌ನ ಹಿಂಭಾಗದಲ್ಲಿ ಕಮಾನು ಪಟ್ಟಿಗಳಿದ್ದವು. 2020ರ ಥಾರ್‌ನಲ್ಲಿ ಅವುಗಳ ಸ್ಥಾನಕ್ಕೆ ಸುರುಳಿ ಸ್ಪ್ರಿಂಗುಗಳು ಬಂದವು. ಹಳೆಯ ಜೀಪುಗಳಲ್ಲಿ ಹಾಗೂ ಮಾಲೀಕರು ಹೊರಗಿನಿಂದ ಕೊಂಡು ಹಾಕಿಸಿದ ಗಟ್ಟಿ ಶಾಕಲ್‌ಗಳಲ್ಲಿ ಮಾತ್ರ ನಿಪ್ಪಲ್‌ಗಳು ಸಾಮಾನ್ಯ. ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಜೀಪುಗಳು ಮೊದಲ ವರ್ಗಕ್ಕೆ ಸೇರಿದರೆ, ನಗರದ ಹವ್ಯಾಸಿಗಳ ವಾಹನಗಳು ಹೆಚ್ಚಾಗಿ ಎರಡನೆಯ ವರ್ಗಕ್ಕೆ ಸೇರುತ್ತವೆ.

ಒಂದಿಷ್ಟು ಇತಿಹಾಸ

ಆಸ್ಟ್ರಿಯಾ ಮೂಲದ ಆಸ್ಕರ್ ಝೆರ್ಕ್ ಎಂಬ ಸಂಶೋಧಕ ಇಂದಿನ ಮಾದರಿಯ ನಿಪ್ಪಲ್‌ಗೆ 1929ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಅಲ್ಲಿನ ಮೆಕ್ಯಾನಿಕ್‌ಗಳು ಇಂದಿಗೂ ಅದನ್ನು ‘ಝೆರ್ಕ್’ ಎಂದೇ ಕರೆಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಿಂದ ತಯಾರಾದ ವಿಲ್ಲಿಸ್ ಜೀಪಿನ ಶಾಕಲ್‌ಗಳಲ್ಲಿ ಗ್ರೀಸ್ ನಿಪ್ಪಲ್‌ಗಳಿದ್ದವು. ಅದೇ ವಂಶದ ಜೀಪುಗಳನ್ನು ಮಹೀಂದ್ರ ಸಂಸ್ಥೆ 1947ರಿಂದ ಭಾರತಕ್ಕೆ ತರಿಸಿ ಜೋಡಿಸತೊಡಗಿತು. ನಮ್ಮ ಗ್ಯಾರೇಜುಗಳಿಗೆ ಗ್ರೀಸ್ ಗನ್ ಚಿರಪರಿಚಿತವಾದುದರಲ್ಲಿ ಈ ಜೀಪುಗಳ ಪಾಲೂ ಇದೆ.

ನಿಪ್ಪಲ್‌ನ ರಚನೆ ಬಹಳ ಸರಳ. ಟೊಳ್ಳಾದ ಮೊನೆಯ ತುದಿಯಲ್ಲಿ ಒಂದು ಪುಟ್ಟ ಉಕ್ಕಿನ ಗುಂಡು, ಅದರ ಹಿಂದೆ ಒಂದು ಸ್ಪ್ರಿಂಗು. ಗ್ರೀಸ್ ಗನ್ನಿನ ಒತ್ತಡಕ್ಕೆ ಗುಂಡು ಒಳಸರಿದು ದಾರಿ ಬಿಡುತ್ತದೆ; ಒತ್ತಡ ನಿಂತೊಡನೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳಿ ಬಾಗಿಲು ಮುಚ್ಚುತ್ತದೆ. ಗ್ರೀಸ್ ಹೊರಬರದಂತೆ, ಧೂಳು ಒಳಹೋಗದಂತೆ ಕಾಯುವ ಕಾವಲುಗಾರ ಆ ಗುಂಡು.

ಮೂವರು ಶತ್ರುಗಳು

ನಿಪ್ಪಲ್‌ಗೆ ಶತ್ರುಗಳು ಮೂವರು. ಮೊದಲನೆಯದು ಪೆಟ್ಟು. ಶಾಕಲ್ ಬೋಲ್ಟಿನ ತಲೆಯಲ್ಲಿ ಕೂರುವ ನಿಪ್ಪಲ್ ಸುಮಾರು ಒಂದು ಸೆಂಟಿಮೀಟರಿನಷ್ಟು ಹೊರಚಾಚಿರುತ್ತದೆ. ಬಂಡೆಯ ಅಂಚಿಗೆ ವಾಹನದ ಪಕ್ಕ ಉಜ್ಜಿದರೆ ಮೊದಲು ಹಾರಿಹೋಗುವುದು ಅದೇ. ಎರಡನೆಯದು ಕೆಸರು ಮತ್ತು ನೀರು. ಮೂರನೆಯದು ಅಜಾಗರೂಕ ಕೈ: ತಲೆಯನ್ನು ಒರೆಸದೆ ಗನ್ ಒತ್ತುವ, ಸಿಕ್ಕಿದ ಗ್ರೀಸನ್ನೇ ತುಂಬುವ, ಅಳತೆ ನೋಡದೆ ಬೇರೆ ನಿಪ್ಪಲ್ ತಿರುಗಿಸುವ ಕೈ.

ಇವುಗಳಲ್ಲಿ ಪೆಟ್ಟು ಕಣ್ಣಿಗೆ ಕಾಣುತ್ತದೆ. ಮುರಿದ ನಿಪ್ಪಲನ್ನು ನೋಡಿದವರು ಬದಲಾಯಿಸುತ್ತಾರೆ. ಆದರೆ ಹೊರಗೆ ನೆಟ್ಟಗೆ ನಿಂತಿದ್ದು, ಒಳಗಿನ ದಾರಿ ಕಟ್ಟಿಕೊಂಡ ನಿಪ್ಪಲ್ ಹೆಚ್ಚು ಅಪಾಯಕಾರಿ. ಅದನ್ನು ನೋಡಿದ ಮಾಲೀಕನಿಗೆ ಎಲ್ಲವೂ ಸರಿಯಾಗಿದೆ ಎಂಬ ಭಾವನೆ ಬರುತ್ತದೆ. ಒಳಗೆ ಪಿನ್ ಒಣಗಿ, ತುಕ್ಕು ಹಿಡಿದು, ಬುಶ್ ಸವೆಯುತ್ತಿರುತ್ತದೆ. ಕೊನೆಗೊಂದು ದಿನ ಶಾಕಲ್ ತೂಗುವುದನ್ನೇ ನಿಲ್ಲಿಸುತ್ತದೆ. ಆಗ ಕಮಾನಿನ ತುದಿಗೆ ಸರಿಯಲು ಎಡೆಯಿರದೆ, ಆ ಬಲವೆಲ್ಲ ಕಿವಿಯ ಮೇಲೂ ಮುಖ್ಯ ಪಟ್ಟಿಯ ಮೇಲೂ ಬೀಳುತ್ತದೆ. ವಾಹನ ಮೊದಲಿಗಿಂತ ಗಡುಸಾಗಿ ಕುಲುಕುವುದು, ಏಳುಬೀಳಿನಲ್ಲಿ ಕಿರುಗುಟ್ಟುವುದು, ನೇರ ರಸ್ತೆಯಲ್ಲಿಯೂ ಒಂದು ಪಕ್ಕಕ್ಕೆ ಅಲೆಯುವುದು ಇದರ ಮುನ್ಸೂಚನೆಗಳು. ಮುಖ್ಯ ಪಟ್ಟಿ ಕಿವಿಯ ಬಳಿ ತುಂಡಾದರೆ ಆಕ್ಸಲ್ ತನ್ನ ಸ್ಥಾನ ಬಿಟ್ಟು ಸರಿಯುತ್ತದೆ. ಮುಂದಿನ ಆಕ್ಸಲ್ ಆದರೆ ಸ್ಟೀರಿಂಗ್ ಚಾಲಕನ ಮಾತು ಕೇಳುವುದಿಲ್ಲ.

ಹಾಗಾಗಿ ನಿಪ್ಪಲ್‌ನ ರಕ್ಷಣೆ ಎಂದರೆ ಹೊರಗಿನ ಮೊನೆಗೆ ಕವಚ ಹಾಕುವುದಷ್ಟೇ ಅಲ್ಲ. ಗ್ರೀಸ್ ಸಾಗುವ ದಾರಿಯನ್ನು ತೆರೆದಿಡುವುದೇ ಅದರ ಮುಖ್ಯ ಉದ್ದೇಶ. ಮುಂದಿನ ಪ್ರತಿಯೊಂದು ಉಪಾಯವನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಪೆಟ್ಟಿನಿಂದ ಕಾಪಾಡುವ ಬಗೆ

ಎಲ್ಲಕ್ಕಿಂತ ಸುಲಭವಾದುದು ಬೋಲ್ಟಿನ ದಿಕ್ಕನ್ನು ಬದಲಿಸುವುದು. ತಲೆ ಹೊರಮುಖವಾಗಿದ್ದರೆ ಬಂಡೆಗೆ ಎದುರಾಗುತ್ತದೆ. ಒಳಮುಖವಾಗಿ ಹಾಕಿದರೆ ಚಾಸಿಸ್‌ನ ಮರೆಯಲ್ಲಿ ಸುರಕ್ಷಿತ. ಆದರೆ ಹಾಗೆ ತಿರುಗಿಸಿದ ಮೇಲೆ ಗ್ರೀಸ್ ಗನ್ನಿನ ಮೂತಿ ಅಲ್ಲಿಗೆ ತಲುಪುತ್ತದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ತಲುಪದಿದ್ದರೆ 45 ಅಥವಾ 90 ಡಿಗ್ರಿ ಬಾಗಿದ ನಿಪ್ಪಲ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಗನ್ನಿಗೆ ಬಾಗುವ ಕೊಳವೆಯನ್ನೂ ಜೋಡಿಸಬಹುದು. ಕೈ ತಲುಪದ ನಿಪ್ಪಲ್‌ಗೆ ಯಾರೂ ಗ್ರೀಸ್ ಹಾಕುವುದಿಲ್ಲ. ಅಂಥ ರಕ್ಷಣೆ ಇದ್ದೂ ಇಲ್ಲದಂತೆ.

ಎರಡನೆಯ ಉಪಾಯ, ಕಠಿಣ ದಾರಿಗೆ ಹೊರಡುವ ಮುನ್ನ ನಿಪ್ಪಲನ್ನೇ ಬಿಚ್ಚಿ, ಅದರ ರಂಧ್ರಕ್ಕೆ ಅದೇ ಅಳತೆಯ ತಲೆಯಿಲ್ಲದ ಪುಟ್ಟ ಸ್ಕ್ರೂ ತಿರುಗಿಸುವುದು. ಒಳಗೆ ಅಲೆನ್ ಕೀಲಿ ಹಿಡಿಯುವ ಈ ಸ್ಕ್ರೂ ಬೋಲ್ಟಿನ ತಲೆಯಿಂದ ಹೊರಚಾಚುವುದಿಲ್ಲವಾದ್ದರಿಂದ ಪೆಟ್ಟು ಬೀಳುವ ಪ್ರಶ್ನೆಯೇ ಇಲ್ಲ. ಹಿಂದಿರುಗಿದ ಮೇಲೆ ಸ್ಕ್ರೂ ತೆಗೆದು ನಿಪ್ಪಲ್ ಹಾಕಿ, ಗ್ರೀಸ್ ತುಂಬಬೇಕು. ಖರ್ಚು ಅತ್ಯಲ್ಪ, ವೆಲ್ಡಿಂಗ್ ಬೇಡ, ಬೋಲ್ಟಿಗೆ ಹಾನಿಯಿಲ್ಲ. ಅಪರೂಪಕ್ಕೊಮ್ಮೆ ಬೆಟ್ಟ ಹತ್ತುವ ನಗರವಾಸಿಗಳಿಗೆ ಇದು ಹೇಳಿ ಮಾಡಿಸಿದ ವಿಧಾನ. ನಿತ್ಯವೂ ಅದೇ ದಾರಿಯಲ್ಲಿ ದುಡಿಯುವ ಜೀಪುಗಳಿಗೆ ಹನ್ನೆರಡು ಕಡೆ ಬಿಚ್ಚಿ ಹಾಕುವುದು ಬೇಸರದ ಕೆಲಸವೆನಿಸಬಹುದು.

ಅಂಥವರಿಗೆ ಉಕ್ಕಿನ ತಡೆ ಸೂಕ್ತ. ಪೆಟ್ಟು ಬೀಳುವ ದಿಕ್ಕಿನಲ್ಲಿ ಶಾಕಲ್ ಪಟ್ಟಿಯ ಮೇಲೆ ಅರ್ಧಚಂದ್ರಾಕಾರದ ದಪ್ಪ ಉಕ್ಕಿನ ತುಂಡನ್ನು ವೆಲ್ಡ್ ಮಾಡಿಸಬಹುದು. ಅದರ ಎತ್ತರ ನಿಪ್ಪಲ್‌ಗಿಂತ ಮೂರು-ನಾಲ್ಕು ಮಿಲಿಮೀಟರ್ ಹೆಚ್ಚಿರಲಿ. ಬೋಲ್ಟ್ ಬಿಚ್ಚುವ ಸಾಕೆಟ್ ಮತ್ತು ಗನ್ನಿನ ಮೂತಿ ಸರಾಗವಾಗಿ ಒಳಹೋಗುವಷ್ಟು ಜಾಗವಿರಲಿ. ಪೂರ್ಣ ಬಳೆಯ ಆಕಾರ ಬೇಡ. ಕೆಳಭಾಗ ತೆರೆದಿದ್ದರೆ ಮಾತ್ರ ಕೆಸರೂ ನೀರೂ ಜಾರಿ ಬೀಳುತ್ತವೆ. ಇಲ್ಲವಾದರೆ ಆ ಬಳೆ ಕೆಸರಿನ ಬಟ್ಟಲಾಗಿ ನಿಪ್ಪಲನ್ನು ದಿನವಿಡೀ ನೆನೆಸಿಡುತ್ತದೆ.

ವೆಲ್ಡಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಬೋಲ್ಟಿನ ತಲೆಯ ಮೇಲೆಯೇ ನಟ್ಟನ್ನೋ ಪೈಪಿನ ತುಂಡನ್ನೋ ಬೆಸೆಯುವುದು ಸಲ್ಲದು. ಇಂಥ ಬೋಲ್ಟುಗಳಿಗೆ ಶಾಖ ಸಂಸ್ಕಾರದಿಂದ ಗಡಸುತನ ಕೊಟ್ಟಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಅದು ಕೆಟ್ಟು, ಕೆಲವೆಡೆ ಮೆತ್ತಗಾಗಿ ಕೆಲವೆಡೆ ಪೆಡಸಾಗುತ್ತದೆ. ಶಾಕಲ್ ಪಟ್ಟಿಯನ್ನು ಬಿಚ್ಚಿ, ಬೋಲ್ಟು ಬುಶ್‌ಗಳನ್ನು ಬೇರ್ಪಡಿಸಿ, ಮೇಜಿನ ಮೇಲಿಟ್ಟು ಬೆಸೆಸುವುದೇ ಸರಿಯಾದ ಕ್ರಮ.

ರಂಧ್ರ ಕೊರೆದ ಬೋಲ್ಟು ದುರ್ಬಲವೇ?

ಗ್ರೀಸ್ ಹೋಗಲು ಬೋಲ್ಟಿನ ನಡುವೆ ಉದ್ದಕ್ಕೂ ಒಂದು ರಂಧ್ರ, ಅಲ್ಲಿಂದ ಪಕ್ಕಕ್ಕೆ ಒಂದು ಅಡ್ಡರಂಧ್ರ ಇರುತ್ತದೆ. ಇದರಿಂದ ಬೋಲ್ಟು ಮುರಿಯುವುದೆಂಬ ಭಯ ಹಲವರಲ್ಲಿದೆ. ಲೆಕ್ಕ ಹೀಗಿದೆ: 14 ಮಿಲಿಮೀಟರ್ ದಪ್ಪದ ಬೋಲ್ಟಿನ ನಡುವೆ 3 ಮಿಲಿಮೀಟರ್ ರಂಧ್ರ ಕೊರೆದರೆ ಕಳೆದುಹೋಗುವ ಉಕ್ಕು ಅದರ ಅಡ್ಡಕೊಯ್ತದ ಶೇ. 5ಕ್ಕಿಂತ ಕಡಿಮೆ. ಬಾಗುವಿಕೆಗೆ ಎದುರು ನಿಲ್ಲುವುದು ಮುಖ್ಯವಾಗಿ ಹೊರಮೈಯ ಉಕ್ಕು ಆದ್ದರಿಂದ ಆ ನಷ್ಟ ಗಣನೀಯವಲ್ಲ. ನಿಜವಾದ ದೌರ್ಬಲ್ಯ ಇರುವುದು ಹೊರಮೈಗೆ ತೆರೆದುಕೊಳ್ಳುವ ಅಡ್ಡರಂಧ್ರದ ಅಂಚಿನಲ್ಲಿ. ಪದೇ ಪದೇ ಬೀಳುವ ಹೊರೆಯ ಒತ್ತಡ ಅಲ್ಲಿ ಕೇಂದ್ರೀಕರಿಸಿ ಬಿರುಕು ಹುಟ್ಟಬಹುದು. ಆದಕಾರಣ ಗ್ರೀಸ್ ಬೋಲ್ಟುಗಳನ್ನು ಸಿದ್ಧವಾಗಿಯೇ ಕೊಳ್ಳಬೇಕು. ಸಾಧಾರಣ ಬೋಲ್ಟನ್ನು ಲೇತಿಗೆ ಕೊಟ್ಟು ಕೊರೆಸುವುದು ಅಪಾಯ. ಸೀಳು, ಬಾಗು ಅಥವಾ ಆಳವಾದ ಸವೆತ ಕಂಡ ಬೋಲ್ಟನ್ನು ಮರುಬಳಕೆ ಮಾಡುವುದು ಬೇಡ.

ಕೆಸರು, ನೀರು ಮತ್ತು ಟೋಪಿ

ಆಗುಂಬೆಯಂಥ ಪ್ರದೇಶದಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಂಥಲ್ಲಿ ಜಂಬಿಟ್ಟಿಗೆ ಮಣ್ಣಿನ ನುಣ್ಣನೆಯ ಕೆಸರು ನಿಪ್ಪಲ್‌ನ ತಲೆಗೆ ಮೆತ್ತಿ ಒಣಗಿ ಹೆಂಟೆಯಾಗುತ್ತದೆ. ಗುಂಡಿನ ಬಾಗಿಲು ಅದನ್ನು ತಾನಾಗಿ ಒಳಗೆ ಬಿಡುವುದಿಲ್ಲ. ಆದರೆ ಒರೆಸದೆ ಗನ್ ಹಚ್ಚಿದರೆ ಆ ಹರಳುಗಳನ್ನು ನಾವೇ ಕೀಲಿನೊಳಕ್ಕೆ ತಳ್ಳಿದಂತಾಗುತ್ತದೆ. ಗ್ರೀಸಿನೊಂದಿಗೆ ಬೆರೆತ ಮರಳು ಪಿನ್ನನ್ನು ಅರದಂತೆ ಉಜ್ಜುತ್ತದೆ.

ಇದಕ್ಕೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಟೋಪಿಗಳಿವೆ. ಧೂಳಿನ ದಾರಿಯಲ್ಲಿ ಇವು ಉಪಯುಕ್ತ. ಆದರೆ ಬಂಡೆಯ ಪೆಟ್ಟನ್ನು ತಡೆಯುವ ಶಕ್ತಿ ಅವಕ್ಕಿಲ್ಲ, ಸಡಿಲವಾದ ಟೋಪಿಯೊಳಗೆ ನೀರು ನಿಂತು ತುಕ್ಕಿಗೂ ಕಾರಣವಾಗಬಹುದು. ಟೋಪಿ ಇಲ್ಲದವರು ಗ್ರೀಸ್ ತುಂಬಿದ ಬಳಿಕ ತಲೆಯ ಮೇಲೆ ಒಂದು ಚಿಟಿಕೆ ಗ್ರೀಸ್ ಬಿಡಬಹುದು. ಅದಕ್ಕೆ ಧೂಳು ಅಂಟಿದರೂ ಮುಂದಿನ ಸಲ ಬಟ್ಟೆಯಿಂದ ಒರೆಸಿದರೆ ಸ್ವಚ್ಛವಾದ ಲೋಹ ಸಿಗುತ್ತದೆ.

ವಾಹನ ತೊಳೆಸುವಾಗಲೂ ಗಮನವಿರಲಿ. ಒತ್ತಡದ ನೀರಿನ ಧಾರೆಯನ್ನು ಕೀಲುಗಳಿಗೆ ಹತ್ತಿರದಿಂದ ಬಿಟ್ಟರೆ ನೀರು ಒಳನುಗ್ಗುತ್ತದೆ. ತೊಳೆದ ನಂತರವೇ ಗ್ರೀಸ್ ಹಾಕಿಸಬೇಕು, ಮೊದಲಲ್ಲ. ಕಮಾನುಗಳಿಗೆ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ಕೆಲವೆಡೆ ಇದೆ. ಅದು ಧೂಳನ್ನು ಸೆಳೆಯುವುದಲ್ಲದೆ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಹಳ್ಳ ದಾಟಿದ ದಿನವೇ ಗ್ರೀಸ್ ಹಾಕುವುದು ಉತ್ತಮ. ಹೊಸ ಗ್ರೀಸ್ ಒಳಹೋದಂತೆ ಹಳೆಯ ಗ್ರೀಸ್, ನೀರು, ಮಣ್ಣು ಎಲ್ಲವನ್ನೂ ಅಂಚುಗಳಿಂದ ಹೊರದೂಡುತ್ತದೆ. ಕೀಲಿನ ಅಂಚಿನಲ್ಲಿ ಉಳಿಯುವ ಗ್ರೀಸಿನ ಪದರವೇ ಮುಂದಿನ ಕೆಸರಿಗೆ ತಡೆಗೋಡೆ.

ಗ್ರೀಸ್ ಹಾಕುವ ಕ್ರಮ

ವಾಹನದ ಭಾರ ಕಮಾನಿನ ಮೇಲಿರುವಾಗ ಪಿನ್ನಿನ ಒಂದು ಪಕ್ಕ ಬುಶ್‌ಗೆ ಒತ್ತಿಕೊಂಡಿರುತ್ತದೆ. ಗ್ರೀಸ್ ಅಲ್ಲಿಗೆ ಹೋಗದೆ ಸುಲಭವಾದ ಇನ್ನೊಂದು ಪಕ್ಕದಿಂದ ಹೊರಬರುತ್ತದೆ. ಆದ್ದರಿಂದ ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಸ್ಸನ್ನು ಜಾಕ್‌ನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಆಕ್ಸಲ್ ಜೋತಾಡುವಂತೆ ಬಿಡಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ನುಗ್ಗಬಾರದು. ನಂತರ ನಿಪ್ಪಲ್‌ನ ತಲೆಯನ್ನೂ ಗನ್ನಿನ ಮೂತಿಯನ್ನೂ ಒರೆಸಿ, ಅಂಚಿನಲ್ಲಿ ಶುದ್ಧ ಗ್ರೀಸ್ ಕಾಣಿಸುವವರೆಗೆ ನಿಧಾನವಾಗಿ ಒತ್ತಬೇಕು. ರಬ್ಬರ್ ಚೀಲವಿರುವ ಟೈ-ರಾಡ್ ತುದಿಗಳಲ್ಲಿ ಮಾತ್ರ ಚೀಲ ತುಸು ಉಬ್ಬಿದೊಡನೆ ನಿಲ್ಲಿಸಬೇಕು; ಚೀಲ ಒಡೆದರೆ ಕೆಸರಿಗೆ ಬಾಗಿಲು ತೆರೆದಂತೆ.

ಗ್ರೀಸ್ ಒಳಹೋಗದಿದ್ದರೆ ಬಲಪ್ರಯೋಗ ಬೇಡ. ಕೈಗನ್ನು ಕೂಡ ಚದರ ಇಂಚಿಗೆ ಸಾವಿರಾರು ಪೌಂಡ್ ಒತ್ತಡ ಹುಟ್ಟಿಸಬಲ್ಲದು. ಸೀಳಿದ ಕೊಳವೆಯಿಂದ ಚಿಮ್ಮಿದ ಗ್ರೀಸ್ ಚರ್ಮವನ್ನು ಭೇದಿಸಿ ಒಳಸೇರಿದರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು; ನಿರ್ಲಕ್ಷಿಸಿದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಸರಿಯಾದ ಮಾರ್ಗವೆಂದರೆ ನಿಪ್ಪಲ್ ಬಿಚ್ಚಿ ನೋಡುವುದು. ಬಿಚ್ಚಿದ ರಂಧ್ರದಿಂದ ಗ್ರೀಸ್ ಸಲೀಸಾಗಿ ಹೋದರೆ ದೋಷ ನಿಪ್ಪಲ್‌ನದು; ಹೊಸದನ್ನು ಹಾಕಿದರೆ ಸಾಕು. ಆಗಲೂ ಹೋಗದಿದ್ದರೆ ಬೋಲ್ಟನ್ನೇ ಹೊರತೆಗೆದು, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿ, ತೆಳುವಾದ ತಂತಿಯಿಂದ ದಾರಿ ಬಿಡಿಸಬೇಕು. ಬೆಂಕಿ ಹಚ್ಚಿ ಕರಗಿಸುವ ಪದ್ಧತಿ ಅಪಾಯಕರ.

ಯಾವ ಗ್ರೀಸ್, ಯಾವ ಅಳತೆ?

ಗ್ರೀಸಿನ ಗಟ್ಟಿತನವನ್ನು ಎನ್‌ಎಲ್‌ಜಿಐ ಶ್ರೇಣಿಯಲ್ಲಿ 000ದಿಂದ 6ರವರೆಗೆ ಗುರುತಿಸುತ್ತಾರೆ. ವಾಹನದ ಅಡಿಭಾಗದ ಕೀಲುಗಳಿಗೆ ಸಾಮಾನ್ಯವಾಗಿ ಬಳಸುವುದು 2ನೇ ಶ್ರೇಣಿಯ ಲಿಥಿಯಂ ಗ್ರೀಸ್. ನೀರಿನ ಒಡನಾಟ ಹೆಚ್ಚಿದ್ದರೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಹೆಚ್ಚು ತಾಳಿಕೆಯದು. ಬಣ್ಣ ನೋಡಿ ಗ್ರೀಸಿನ ಜಾತಿಯನ್ನು ನಿರ್ಧರಿಸುವಂತಿಲ್ಲ. ಕೆಂಪು, ನೀಲಿ ಎಲ್ಲವೂ ಬೆರೆಸಿದ ಬಣ್ಣಗಳಷ್ಟೇ. ಒಂದಕ್ಕೊಂದು ಹೊಂದದ ಗ್ರೀಸ್‌ಗಳು ಬೆರೆತರೆ ತೆಳುವಾಗಿ ಸೋರಿಹೋಗಬಹುದು ಅಥವಾ ಗಟ್ಟಿಯಾಗಿ ದಾರಿ ಮುಚ್ಚಬಹುದು. ಒಮ್ಮೆ ಆರಿಸಿಕೊಂಡ ಬಗೆಯನ್ನೇ ಮುಂದುವರಿಸುವುದು ಕ್ಷೇಮ. ಪಾಲಿಯುರೇಥೇನ್ ಬುಶ್ ಇದ್ದರೆ ಅದರ ತಯಾರಕರು ಸೂಚಿಸಿದ ಸಿಲಿಕೋನ್ ಮಾದರಿಯ ಗ್ರೀಸನ್ನೇ ಬಳಸಬೇಕು.

ನಿಪ್ಪಲ್‌ನ ಮರೆಯ ಅಳತೆಯೂ ಮುಖ್ಯ. ಮೆಟ್ರಿಕ್ ವಾಹನಗಳಲ್ಲಿ 6 ಮಿಲಿಮೀಟರ್ ದಪ್ಪದ, 1 ಮಿಲಿಮೀಟರ್ ಅಂತರದ ಮರೆ ಸಾಮಾನ್ಯ. ಇಂಚಿನ ಅಳತೆಯ ಹಳೆಯ ವಾಹನಗಳಲ್ಲಿ ಕಾಲಿಂಚು, ಅಂದರೆ 6.35 ಮಿಲಿಮೀಟರ್ ದಪ್ಪದ, ಇಂಚಿಗೆ 28 ಸುತ್ತಿನ ಮರೆ. ಕಣ್ಣಿಗೆ ಎರಡೂ ಒಂದೇ. ಮೊದಲನೆಯದನ್ನು ಎರಡನೆಯದರ ರಂಧ್ರಕ್ಕೆ ಹಾಕಿದರೆ ಸಡಿಲವಾಗಿದ್ದು ಗ್ರೀಸಿನ ಒತ್ತಡಕ್ಕೆ ಹಾರಿಹೋಗುತ್ತದೆ. ಎರಡನೆಯದನ್ನು ಮೊದಲನೆಯದಕ್ಕೆ ತುರುಕಿದರೆ ಬೋಲ್ಟಿನ ಮರೆ ಹಾಳಾಗುತ್ತದೆ. ಕೈಯಿಂದಲೇ ಎರಡು ಮೂರು ಸುತ್ತು ಸಲೀಸಾಗಿ ತಿರುಗುವುದೇ ಸರಿಯಾದ ಅಳತೆಯ ಗುರುತು.

ದಾರಿಯಲ್ಲಿ ಮುರಿದರೆ?

ನಿಪ್ಪಲ್ ಸಾಮಾನ್ಯವಾಗಿ ಕುತ್ತಿಗೆಯ ಬಳಿ ಮುರಿದು, ಮರೆಯ ಭಾಗ ರಂಧ್ರದಲ್ಲಿಯೇ ಉಳಿಯುತ್ತದೆ. ಅದು ಟೊಳ್ಳಾಗಿರುವುದರಿಂದ ಚೌಕ ಮೊನೆಯ ಉಪಕರಣವನ್ನು ಮೆಲ್ಲಗೆ ಬಡಿದು ಕೂರಿಸಿ ಎಡಕ್ಕೆ ತಿರುಗಿಸಿದರೆ ಬಹುಪಾಲು ಹೊರಬರುತ್ತದೆ. ಬಾರದಿದ್ದರೆ ರಂಧ್ರಕ್ಕೆ ಗ್ರೀಸ್ ಮೆತ್ತಿ, ಮೇಲೆ ಟೇಪು ಅಂಟಿಸಿ ಊರು ಸೇರಬಹುದು. ನಿಪ್ಪಲ್ ಮುರಿದ ಮಾತ್ರಕ್ಕೆ ವಾಹನ ಆ ಕ್ಷಣವೇ ನಿಲ್ಲುವುದಿಲ್ಲ. ಅಪಾಯವಿರುವುದು ‘ನಾಳೆ ನೋಡೋಣ’ ಎಂದು ಆ ತೆರೆದ ರಂಧ್ರವನ್ನು ಒಂದು ಇಡೀ ಮಳೆಗಾಲ ಹಾಗೆಯೇ ಬಿಡುವುದರಲ್ಲಿ.

ಬೆಟ್ಟಕ್ಕೆ ಹೊರಡುವವರ ಪೆಟ್ಟಿಗೆಯಲ್ಲಿ ನಾಲ್ಕೈದು ನಿಪ್ಪಲ್, ಅಷ್ಟೇ ಸಂಖ್ಯೆಯ ತಲೆಯಿಲ್ಲದ ಸ್ಕ್ರೂ, ಅವಕ್ಕೆ ತಕ್ಕ ಸ್ಪ್ಯಾನರ್ ಮತ್ತು ಅಲೆನ್ ಕೀಲಿ, ಚಿಕ್ಕ ಗ್ರೀಸ್ ಗನ್, ಒಂದು ಹಳೆಯ ಬಟ್ಟೆ ಇದ್ದರೆ ಸಾಕು. ಇವೆಲ್ಲ ಸೇರಿ ಒಂದು ಟೈರಿನ ಬೆಲೆಯ ಅಲ್ಪಾಂಶವೂ ಆಗುವುದಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿ ಬಾರದಿರಬೇಕಾದರೆ, ಪ್ರತಿ ಪ್ರಯಾಣದ ನಂತರ ಹತ್ತು ನಿಮಿಷ ವಾಹನದ ಕೆಳಗೆ ಬಗ್ಗಿ ನೋಡುವ ಅಭ್ಯಾಸ ಬೇಕು. ಬಾಡಿಗೆ ಜೀಪನ್ನು ನಂಬಿ ಕುಟುಂಬದೊಡನೆ ಬೆಟ್ಟ ಹತ್ತುವವರೂ ಅಷ್ಟೇ: ಹೊರಡುವ ಮುನ್ನ ಕಮಾನಿನ ಕೀಲುಗಳತ್ತ ಒಮ್ಮೆ ಕಣ್ಣು ಹಾಯಿಸಲಿ. ಅಂಚಿನಲ್ಲಿ ಹೊಸ ಗ್ರೀಸಿನ ತೇವ ಕಂಡರೆ ಆ ಚಾಲಕ ತನ್ನ ಜೀಪನ್ನು ನೋಡಿಕೊಳ್ಳುತ್ತಿದ್ದಾನೆಂದು ತಿಳಿಯಬಹುದು. ಕೆಂಪು ತುಕ್ಕಿನ ಗೆರೆ ಕಂಡರೆ ಆ ಕೀಲಿಗೆ ಗ್ರೀಸ್ ಕೊನೆಯ ಬಾರಿ ಯಾವಾಗ ಹಾಕಿದ್ದೆಂದು ಸಂಕೋಚವಿಲ್ಲದೆ ಕೇಳಬಹುದು.